ಪಿಗ್ಮಿ ದುಡ್ಡಿನಲ್ಲಿ ಪೆನಾಂಗ್

ಸಂಜೆ ನಾಲ್ಕೂವರೆ ಆಯಿತೆಂದರೆ ಕುಮಟಾ ಪೇಟೆಯಲ್ಲಿ ಪಿಗ್ಮಿಯವರ ಸವಾರಿ ಹೊರಡುತ್ತದೆ. ಹೆಗಲಿಗೊಂದು ಚೀಲ, ಕೈಯಲ್ಲಿ ಬಸ್ ಕಂಡಕ್ಟರರ ಬಳಿ ಇರುತ್ತದಲ್ಲ, ಅಂಥದೇ ಒಂದು ಪುಟ್ಟ ಯಂತ್ರ. ಹಣ್ಣಿನಂಗಡಿ, ಸಲೂನು, ಬಳೆ ಅಂಗಡಿ, ಮೂಲೆಯ ಹೂವಿನವಳ ಬುಟ್ಟಿ ಎಲ್ಲ ಮುಗಿಸಿ ನನ್ನ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿ, “ಅಕ್ಕಾ, ಇವತ್ತು ಎಷ್ಟು ಬರೀಲಿ?” ಎನ್ನುತ್ತಾರೆ. ಡ್ರಾವರಿನಲ್ಲಿ ಸೀರೆ ಫಾಲ್ ಹಚ್ಚಿದ್ದಕ್ಕೆ ಬಂದ ದುಡ್ಡು, ಬ್ಲೌಸಿನ ಮುಂಗಡ, ಒಂದಿಷ್ಟು ಚಿಲ್ಲರೆ. ಬೇಡ ಎಂದರೆ ಅವರೇನೂ ಸಿಟ್ಟಾಗುವವರಲ್ಲ. ಆದರೆ ಆಷಾಢದ ಮಳೆಯಲ್ಲಿ ಕೊಡೆ ಮಡಚಿ, ಪ್ಯಾಂಟಿನ ತುದಿಯಿಂದ ನೀರು ಇಳಿಸುತ್ತ ನಿಂತ ಮನುಷ್ಯನಿಗೆ ಹಾಗೆನ್ನಲು ನಾಲಿಗೆ ಏಳುವುದಿಲ್ಲ. ಒಮ್ಮೆ ನೂರು, ಹಬ್ಬದ ಸೀಸನ್ನಿದ್ದರೆ ಇನ್ನೂರು. ಯಂತ್ರ ಕಿರ್ರೆಂದು ಚೀಟಿ ಉಗುಳುತ್ತದೆ.

ನಮ್ಮನೆಯವರು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಪಿಗ್ಮಿಗೆ ಸಿಗುವ ಬಡ್ಡಿ ನೋಡಿ ಅವರಿಗೆ ಹೊಟ್ಟೆ ಉರಿಯುತ್ತದೆ. “ಅದೇ ದುಡ್ಡು ಆರ್‌ಡಿ ಮಾಡಿದ್ರೆ ಎಷ್ಟಾಗ್ತಿತ್ತು ಗೊತ್ತಿದ್ದ?” ಎಂದು ಲೆಕ್ಕ ಹಾಕಿ ತೋರಿಸುತ್ತಾರೆ. ಲೆಕ್ಕ ಸರಿಯೇ. ಆದರೆ ಆರ್‌ಡಿ ಕಟ್ಟಿಸಿಕೊಳ್ಳಲು ಯಾರೂ ಮಳೆಯಲ್ಲಿ ನೆನೆದುಕೊಂಡು ಅಂಗಡಿಗೆ ಬರುವುದಿಲ್ಲ. ಪಿಗ್ಮಿಯ ಬಡ್ಡಿ ಇರುವುದು ಆ ಬರುವಿಕೆಯಲ್ಲಿ. ಇಲ್ಲದಿದ್ದರೆ ನನ್ನ ಡ್ರಾವರಿನ ನೂರು ರೂಪಾಯಿ ಎದುರಿನ ಬೇಕರಿಯ ಹನಿಕೇಕು ಆಗಿ ಎಂದೋ ಹೊಟ್ಟೆ ಸೇರುತ್ತಿತ್ತು.

ಈ ಗುಟ್ಟು ಹಿಡಿದವರು ಡಾ. ಟಿ.ಎಂ.ಎ. ಪೈ. ಉಡುಪಿಯಲ್ಲಿ 1925ರಲ್ಲಿ ಅವರು, ಅವರಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರು ಸೇರಿ ಬ್ಯಾಂಕೊಂದನ್ನು ತೆರೆದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೈಯಲ್ಲಿದ್ದ ಬಂಡವಾಳ 8,000 ರೂಪಾಯಿ. ಮಗ್ಗಗಳು ಸೊರಗಿ ನೇಕಾರರು ಕಂಗೆಟ್ಟಿದ್ದ ಕಾಲ, ಅವರಿಗೊಂದು ಆಸರೆಯಾಗಲಿ ಎಂಬುದು ಉದ್ದೇಶ. 1928ರಲ್ಲಿ ಪಿಗ್ಮಿ ಶುರುವಾಯಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಮನೆಬಾಗಿಲಿಗೆ ಬಂದು ಒಯ್ಯುತ್ತೇವೆ ಎಂದರು. ಎರಡಾಣೆ ಹಿಡಿದುಕೊಂಡು ಬ್ಯಾಂಕಿನ ಕಟಕಟೆ ಎದುರು ನಿಲ್ಲಲು ಯಾರಿಗೆ ಮನಸ್ಸು ಬಂದೀತು? ಬ್ಯಾಂಕೇ ಬಾಗಿಲಿಗೆ ಬಂದರೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ ಗೊತ್ತಿಲ್ಲದೆ ಕೂಡಿಬಿಡುತ್ತದೆ. ಪೈಗಳು ಆಗ ರೋಗಿಗಳನ್ನು ನೋಡುತ್ತಿದ್ದ ವೈದ್ಯರು. ಜನ ತಾವಾಗಿ ಔಷಧಿ ಕುಡಿಯುವುದಿಲ್ಲ, ಎದುರು ನಿಂತು ಕುಡಿಸಬೇಕು ಎಂಬುದು ಅವರಿಗೆ ತಿಳಿಯದ್ದೇನಲ್ಲ. ಸಿಂಡಿಕೇಟ್ ಬ್ಯಾಂಕು 1969ರಲ್ಲಿ ಸರ್ಕಾರದ್ದಾಯಿತು, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿ ಮಾತ್ರ ಊರೂರಿನ ಸೊಸೈಟಿಗಳಲ್ಲಿ ಬೇರುಬಿಟ್ಟು ಕೂತಿದೆ. ಅಂಥದೊಂದು ಸೊಸೈಟಿಯದ್ದೇ ನನ್ನ ಖಾತೆ.

ಆ ಖಾತೆಯ ಮೇಲೆ ಮಗಳ ಕಣ್ಣು ಬಿತ್ತು. ಅವಳ ಗೆಳತಿಯದು ಭಟ್ಕಳ. ಆ ಹುಡುಗಿಯ ಅಪ್ಪ ದುಬೈಯಲ್ಲಿ, ಮಾವಂದಿರು ದುಬೈಯಲ್ಲಿ, ಬೇಸಿಗೆ ರಜೆ ಬಂದರೆ ಇವಳೂ ದುಬೈಗೆ. “ನಾವು ಎಲ್ಲಿಗೆ ಹೋಗ್ತ್ಯ? ಅಜ್ಜನಮನೆಗೆ!” ಎಂದು ಮಗಳು ಮೂತಿ ಉದ್ದ ಮಾಡಿದಳು. ಅಜ್ಜನಮನೆ ಎಂದರೆ ನನ್ನ ತವರು, ಹೊನ್ನಾವರದಿಂದ ಶರಾವತಿಯ ದಂಡೆ ಹಿಡಿದು ಒಳಗೆ ಹೋದರೆ ಸಿಗುವ ಅಡಿಕೆ ತೋಟ. ಬಸ್ ಚಾರ್ಜು ಬಿಟ್ಟರೆ ಬೇರೆ ಖರ್ಚಿಲ್ಲ.

ನಿಜ ಹೇಳಬೇಕೆಂದರೆ ನಮ್ಮ ಕರಾವಳಿಯವರಿಗೆ ಪರದೇಶವೇನೂ ಹೊಸದಲ್ಲ. ಹದಿನಾಲ್ಕನೆಯ ಶತಮಾನದಲ್ಲೇ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದ. ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿವೆ ಎಂದು ಎಣಿಸಿ ಬರೆದಿಟ್ಟ. ಹೋದ ಹೋದಲ್ಲಿ ರಾಜರ, ಸುಲ್ತಾನರ ಮನೆಯ ಊಟ ಉಂಡು ಲೋಕ ಸುತ್ತಿದವನು. ಅಂಥ ಮಿತವ್ಯಯ ನಮ್ಮಂಥವರಿಗೆ ಎಲ್ಲಿಂದ ಸಾಧ್ಯ? ಭಟ್ಕಳದ ಬಂದರಿಗೆ ವಿಜಯನಗರದವರಿಗಾಗಿ ಕುದುರೆಗಳು ಇಳಿಯುತ್ತಿದ್ದವು. ಹರ್ಮುಜಿನ ಹಡಗುಗಳು ಅಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ತುಂಬಿಕೊಂಡು ಹೋಗುತ್ತಿದ್ದವೆಂದು ಪೋರ್ಚುಗೀಸರ ಬಾರ್ಬೋಸ ಬರೆದಿದ್ದಾನೆ. ಗೇರಸೊಪ್ಪೆಯ ಚೆನ್ನಭೈರಾದೇವಿಯನ್ನಂತೂ ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಅಂದರೆ ಪರದೇಶ ನಮ್ಮಲ್ಲಿಗೆ ಬಂತು, ನಮ್ಮವರು ದುಡಿಯಲು ಪರದೇಶಕ್ಕೆ ಹೋದರು. ಎಪ್ಪತ್ತರ ದಶಕದಿಂದೀಚೆಗೆ ಭಟ್ಕಳದವರು ಕೊಲ್ಲಿಗೆ ಹೋಗಿ ದುಡಿದು ಮನೆ ಕಟ್ಟಿದರು. ಅವರ ಹಿಂದೆಯೇ ಬಂದ ಫಾರಿನ್ ಸಾಮಾನಿಗಾಗಿ ನನ್ನ ಅಪ್ಪಯ್ಯ ಹೊನ್ನಾವರದಿಂದ ಬಸ್ಸು ಹತ್ತಿ ಭಟ್ಕಳದ ಪೇಟೆಗೆ ಹೋಗಿದ್ದರು. ತಂದದ್ದು ಮೂರು ಮಡಿಕೆಯ ಒಂದು ಕೊಡೆ. ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಆ ಕೊಡೆಯನ್ನು ಅಪ್ಪಯ್ಯ ಮಳೆಗೆ ಒಯ್ಯಲೇ ಇಲ್ಲ, ಹಾಳಾದೀತೆಂದು! ಬಂದವರಿಗೆ ಜಗಲಿಯಲ್ಲಿ ಬಿಚ್ಚಿ ತೋರಿಸುವುದಕ್ಕಷ್ಟೇ ಅದು.

ಆದರೆ ಸುಮ್ಮನೆ ನೋಡಿಕೊಂಡು, ತಿಂದುಕೊಂಡು, ಕೈಯಿಂದ ದುಡ್ಡು ಹಾಕಿ ಬರಲೆಂದು ಕಡಲು ದಾಟುವುದು ನಮ್ಮ ಮನೆಗಳಲ್ಲಿ ಕೇಳಿದ್ದಲ್ಲ. ದೇಶದ ಕಾನೂನಿಗೂ ಅದು ಹಿಡಿಸುತ್ತಿರಲಿಲ್ಲ ಎನ್ನಿ. ನಮ್ಮತ್ತೆ ಮದುವೆಯಾಗಿ ಕುಮಟೆಗೆ ಬಂದ ಕಾಲಕ್ಕೆ ವಿಮಾನ ಹತ್ತುವವರ ಕೈಗೆ ಸಿಗುತ್ತಿದ್ದದ್ದು ಎಂಟು ಡಾಲರು. 1991ರಲ್ಲಿ ದೇಶವೇ 47 ಟನ್ನಿನಷ್ಟು ಚಿನ್ನವನ್ನು ಲಂಡನ್ನು, ಜಪಾನುಗಳಲ್ಲಿ ಅಡವಿಟ್ಟಿತು, ಮಗಳ ಮದುವೆಗೆಂದು ಅಮ್ಮ ಪಾಟಲಿ ಬಳೆ ಬಿಚ್ಚಿ ಸೊಸೈಟಿಯಲ್ಲಿಟ್ಟ ಹಾಗೆ. ಆಮೇಲಲ್ಲವೇ ಬಾಗಿಲು ತೆರೆದದ್ದು.

ಈಗ ಬಾಗಿಲು ತೆರೆದದ್ದು ಮಾತ್ರವಲ್ಲ, ಕೈಹಿಡಿದು ಎಳೆಯುತ್ತಾರೆ. ಈಗ ಹೋಗಿ, ಆಮೇಲೆ ಕಂತು ಕಟ್ಟಿ ಎಂದು ಫೋನಿನ ತುಂಬ ಜಾಹೀರಾತು. ನನಗದು ಸೇರುವುದಿಲ್ಲ. ತಿಂದದ್ದು ಕರಗಿ ವರ್ಷವಾದ ಮೇಲೂ ಊಟದ ಬಿಲ್ಲು ಕಟ್ಟುತ್ತ ಕೂರುವುದರಲ್ಲಿ ಏನು ಸುಖವೋ. ಪಿಗ್ಮಿಯೂ ಕಂತೇ, ಆದರೆ ತಲೆಕೆಳಗಾದ ಕಂತು: ಕಟ್ಟಿ ಮುಗಿದ ಮೇಲೆ ಹೊರಡುವುದು. ಹೊರಟ ದಿನ ಸಾಲದ ಮೂಟೆ ಬೆನ್ನ ಮೇಲಿಲ್ಲ. ಅದಕ್ಕೆ ಮೂರ್ನಾಲ್ಕು ವರ್ಷ ಹಿಡಿಯಿತು ಎನ್ನುವುದು ಮಕ್ಕಳ ದೂರು.

ಮನೆಯ ಮಿತವ್ಯಯದ ಮೇಲಾಡಳಿತ ಅತ್ತೆಯದು. ಅವರಿಗೊಂದೇ ಸೂತ್ರ: “ತಿಂಬದು ಕಮ್ಮಿ ಮಾಡಡ, ಚೆಲ್ಲದು ಕಮ್ಮಿ ಮಾಡು.” ಹೀರೆಕಾಯಿ ಸಿಪ್ಪೆ ಚಟ್ನಿಗೆ, ಕಲ್ಲಂಗಡಿಯ ಬಿಳಿ ತಿರುಳು ದೋಸೆಗೆ, ಹಲಸಿನ ಬೀಜ ಮಣ್ಣು ಹಚ್ಚಿಸಿಕೊಂಡು ಮಳೆಗಾಲಕ್ಕೆ. ಏಪ್ರಿಲಿನಲ್ಲಿ ಅಳ್ವೆಕೋಡಿಯ ಹೆದ್ದಾರಿ ಬದಿಗೆ ಹೆಣೆದು ತೂಗಿಬಿಟ್ಟ ಸಿಹಿ ಈರುಳ್ಳಿಯ ಗೊಂಚಲು ಬಂದಾಗ ಅತ್ತೆಯ ಚೌಕಾಶಿ ನೋಡಬೇಕು. ಮಾರುವವಳೇ ಸೋತು ಇನ್ನೊಂದು ಗೊಂಚಲು ಹೇರಿ ಕಳಿಸುತ್ತಾಳೆ. ತವರಿನಲ್ಲೂ ಹೀಗೆಯೇ, ಒಳ್ಳೆಯ ಚಾಲಿ ಅಡಿಕೆ ಕುಮಟೆಯ ಮಂಡಿಗೆ, ಕೋಕ ನಮ್ಮ ಕವಳಕ್ಕೆ. ಗಟ್ಟಿ ಮೆಣಸು ಮಾರಾಟಕ್ಕೆ, ಜೊಳ್ಳು ಸಾರಿಗೆ. ಮೆಣಸಿನ ರಾಣಿಯ ನಾಡಿನಲ್ಲಿ ಹುಟ್ಟಿ ಜೊಳ್ಳು ಮೆಣಸಿನ ಸಾರು ಉಂಡವಳು ನಾನು. ಆದರೆ ಅದೇ ಅಪ್ಪಯ್ಯ ಹರಕೆಯ ಯಕ್ಷಗಾನದ ಆಟ ಆಡಿಸುವಾಗ ಮೇಳದವರಿಗೆ, ಊರವರಿಗೆ ಹೋಳಿಗೆ ತುಪ್ಪ ಬಡಿಸುವುದಕ್ಕೆ ಹಿಂದೆಮುಂದೆ ನೋಡುತ್ತಿರಲಿಲ್ಲ. ವರ್ಷವಿಡೀ ಜುಗ್ಗತನ, ಒಂದು ರಾತ್ರಿ ಧಾರಾಳ. ಎಲ್ಲದರಲ್ಲೂ ಅಷ್ಟಷ್ಟೇ ಖರ್ಚು ಮಾಡುವ ಇಂದಿನ ಹದವಾದ ಬಜೆಟ್ಟಿಗಿಂತ ನನಗೆ ಅದೇ ಚಂದ.

ನಾವು ಹೋಗುವ ಊರು ಗೊತ್ತಾದದ್ದೂ ಅಗ್ಗದ ಲೆಕ್ಕದಲ್ಲೇ. ಭಾರತದವರಿಗೆ 2023ರ ಡಿಸೆಂಬರಿನಿಂದ ವೀಸಾ ಬೇಡವೆಂದ ಮಲೇಷ್ಯಾ. ಟೂರಿನವರ ಪ್ಯಾಕೇಜು ವಿಚಾರಿಸಿದೆವು. ವಿದೇಶದ ಪ್ಯಾಕೇಜಿಗೆ 2020ರ ಅಕ್ಟೋಬರಿನಿಂದ ತೆರಿಗೆಯನ್ನೂ ಮುಂಗಡವಾಗಿಯೇ ಹಿಡಿಯುತ್ತಾರಂತೆ. ರಿಟರ್ನ್ ತುಂಬಿದರೆ ವಾಪಸು. ವಾಪಸು ಬರುವ ದುಡ್ಡಾದರೂ ಮೊದಲು ಕೈಬಿಡಬೇಕಲ್ಲ! ನಾವೇ ಟಿಕೆಟು ತೆಗೆಯುವುದೆಂದಾಯಿತು.

ಪಾಸ್‌ಪೋರ್ಟಿಗೆಂದು ಹುಬ್ಬಳ್ಳಿಗೆ ಹೋದೆವು. ದೇವಿಮನೆ ಘಟ್ಟ ಹತ್ತುವಾಗ ನಮ್ಮನೆಯವರು ಮಕ್ಕಳಿಗೆ ಹೇಳುತ್ತಿದ್ದರು: ಅಮೆರಿಕದಲ್ಲಿ 1861ರಿಂದ 65ರವರೆಗೆ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಕಡೆ ತಿರುಗಿದವು, ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ನಮ್ಮ ಬಂದರಿನಿಂದ ಹಡಗು ಹತ್ತಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. “ಹತ್ತಿಗೆ ಪಾಸ್‌ಪೋರ್ಟ್ ಬೇಕಿತ್ತ?” ಎಂದ ಮಗ. ಅತ್ತೆಯ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ 1. ಅವರೂ, ಅವರ ತಂಗಿಯರೂ, ನನ್ನ ಅಪ್ಪಯ್ಯನೂ ಎಲ್ಲರೂ ಜೂನ್ 1ಕ್ಕೇ ಹುಟ್ಟಿದವರು. ಶಾಲೆಗೆ ಸೇರಿಸಿಕೊಂಡ ಮಾಸ್ತರರ ಕೃಪೆ. ಪಾಸ್‌ಪೋರ್ಟಿಗೆ ನಮ್ಮಿಬ್ಬರಿಗೆ ತಲಾ 1,500 ರೂಪಾಯಿಯಾದರೆ ಅರವತ್ತು ದಾಟಿದ ಅತ್ತೆಗೆ ಶೇಕಡ ಹತ್ತು ರಿಯಾಯಿತಿ, 1,350. ಸರ್ಕಾರ ತನಗೊಬ್ಬಳಿಗೇ ನೂರೈವತ್ತು ಬಿಟ್ಟಿತೆಂದು ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು.

ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಕೌಲಾಲಂಪುರ. ಬ್ಯಾಗಿನಲ್ಲಿ ಅವಲಕ್ಕಿ, ಚಟ್ನಿಪುಡಿ, ತೊಡೆದೇವು. ರಿಂಗಿಟ್ಟಿಗೆ ಆಗ ಹತ್ತೊಂಬತ್ತು ರೂಪಾಯಿಯ ಆಸುಪಾಸು. ಹತ್ತೊಂಬತ್ತರ ಮಗ್ಗಿ ಮಕ್ಕಳಿಗೂ ಬಾರದು, ನನಗೂ ಬಾರದು. ಗಣಿತದ ಮಾಸ್ತರರು ಇಪ್ಪತ್ತರಿಂದ ಗುಣಿಸಿ ಕಳೆಯುವಷ್ಟರಲ್ಲಿ ಅತ್ತೆ “ಹತ್ತೊಂಬತ್ತೇಳ್ಲೆ ನೂರಾ ಮೂವತ್ಮೂರು” ಎಂದು ಮುಗಿಸಿಬಿಡುತ್ತಿದ್ದರು. ಬಾಟು ಗುಹೆಯ 272 ಮೆಟ್ಟಿಲ ಬುಡದಲ್ಲಿ ಬಂಗಾರದ ಬಣ್ಣದ ಸುಬ್ರಹ್ಮಣ್ಯ 140 ಅಡಿ ಎತ್ತರಕ್ಕೆ ನಿಂತಿದ್ದಾನೆ. ನಮ್ಮ ಮುರ್ಡೇಶ್ವರದ ಶಿವ 123 ಅಡಿ. “ಅಪ್ಪಂಗಿಂತ ಮಗ ಹದಿನೇಳಡಿ ಉದ್ದ!” ಎಂದಳು ಮಗಳು. “ಈಗಿನ ಮಕ್ಕ ಎಲ್ಲ ಹಾಂಗೇಯ” ಎಂದರು ಅತ್ತೆ, ಕೈಮುಗಿಯುತ್ತ.

ಪೆನಾಂಗಿನಲ್ಲಿ ಸರ್ಕಾರಿ ಕಟ್ಟಡವೊಂದರ ಮೇಲೆ ಆ ರಾಜ್ಯದ ಬಾವುಟ ಹಾರುತ್ತಿತ್ತು. ತಿಳಿನೀಲಿ, ಬಿಳಿ, ಹಳದಿ ಪಟ್ಟೆ. ನಡುವೆ ಒಂದು ಅಡಿಕೆ ಮರ. ಅತ್ತೆ ಕೈ ಮರೆಮಾಡಿ ನೋಡಿ, ನಮ್ಮನೆಯವರ ಕಡೆ ತಿರುಗಿ, “ಅಡಕೆ ಮರ ನೋಡಲೆ ಇಷ್ಟು ದೂರ ಬಪ್ಪದು ಬೇಕಾಗಿತ್ತ?” ಎಂದರು.

ಜಗಳ ಬಂದದ್ದು ಪೆನಾಂಗ್ ಗುಡ್ಡದ ಬುಡದಲ್ಲಿ. 1923ರಿಂದ ಅಲ್ಲಿ ಹಳಿಯ ಮೇಲೆ ಗುಡ್ಡ ಹತ್ತುವ ರೈಲಿದೆ. ಪರದೇಶದ ದೊಡ್ಡವರಿಗೆ 30 ರಿಂಗಿಟ್, ಅಂದರೆ ಅತ್ತೆಯ ಮಗ್ಗಿಯಲ್ಲಿ 570. “ನೀವು ಹೋಗಿ ಬನ್ನಿ, ನಾ ಇಲ್ಲೇ ಕೂರ್ತೆ” ಎಂದು ಅವರು ಬೆಂಚಿನ ಮೇಲೆ ಕೂತೇಬಿಟ್ಟರು. ನಮ್ಮನೆಯವರೂ “ನಂಗೂ ಬ್ಯಾಡ” ಎಂದು ಪಕ್ಕದಲ್ಲಿ ಕೂತರು. ನನಗೆ ರೇಗಿತು. ಅದು ಉಳಿಸಿ ಆಗಿರುವ ದುಡ್ಡು. ಫಾಲ್ ಹಚ್ಚಿ ಹಚ್ಚಿ, ಹನಿಕೇಕು ಬಿಟ್ಟು ಒಮ್ಮೆ ಉಳಿಸಿದ್ದನ್ನು ಇಲ್ಲಿ ಬಂದು ಇನ್ನೊಮ್ಮೆ ಉಳಿಸುವುದೆಂದರೇನು? ಅಪ್ಪಯ್ಯನ ಕೊಡೆಯೇ ಆಯಿತಲ್ಲ! ಐದೂ ಟಿಕೆಟು ತಂದು ಅತ್ತೆಯ ಕೈಗಿಟ್ಟೆ. ಕೊಂಡ ಟಿಕೆಟ್ಟನ್ನು ದಂಡ ಮಾಡುವ ಜಾಯಮಾನ ಅವರದಲ್ಲ, ತಟ್ಟನೆ ಎದ್ದರು. ಮೇಲೆ ಹೋದ ಮೇಲೆ ಕೊಟ್ಟ 570 ಪೂರ್ತಿ ವಸೂಲಾಗುವ ತನಕ ಇಳಿಯಲು ಒಪ್ಪಲಿಲ್ಲ.

ಊರಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಅತ್ತೆ ಪಾಸ್‌ಪೋರ್ಟ್ ತೆಗೆದು ಹಾಳೆ ತಿರುವುತ್ತ ಕೂತಿದ್ದರು. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆಯುವವರು.

“ತಂಗಿ, ಇದು ಎಷ್ಟು ವರ್ಷಕ್ಕಡ?”

“ಹತ್ತು ವರ್ಷಕ್ಕೆ, ಅತ್ತೆ.”

“ಮೂವತ್ತಾರು ಹಾಳೆಗೆ ದುಡ್ಡು ಕೊಟ್ಟಿದ್ಯ, ಖರ್ಚಾದ್ದು ಒಂದೇ. ಉಳಿದದ್ದೆಲ್ಲ ದಂಡ ಆಗ್ತಲಿ! ಆ ಪಿಗ್ಮಿ ದಿನಕ್ಕೆ ಐವತ್ತು ಹೆಚ್ಚು ಮಾಡು.”