ಆ ಮನೆಗೆ ಒಬ್ಬ ಮಗಳಿದ್ದಳು

ಹಾಲುಕ್ಕಿಸಿ ಎಂಟು ದಿನವೂ ಆಗಿರಲಿಲ್ಲ. ತಿಳವಳ್ಳಿಯ ನಮ್ಮ ಹೊಸಮನೆಯ ಬಾಗಿಲಿಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದು ನಿಂತಳು. ನೀರು ಕೊಟ್ಟೆ. ಕುಡಿದು, ‘ಇದು ನಮ್ಮಪ್ಪ ಕಟ್ಟಿಸಿದ ಮನಿ ರೀ. ನನಗೊಂದು ಮಾತು ಹೇಳ್ದ ಮಾರ್ಯಾರ’ ಅಂದಳು. ನನ್ನೆದೆ ಧಸಕ್ಕೆಂದಿತು.

ಮಾರಿದ ಅಣ್ಣತಮ್ಮಂದಿರು ನಮಗೆ ಹೇಳಿದ್ದು ‘ಯಾರದೂ ತಂಟೆ ಇಲ್ರೀ’ ಎಂದು. ಉತಾರದಲ್ಲಿ ಅವರಿಬ್ಬರದೇ ಹೆಸರು. ಹಾನಗಲ್ಲಿನ ಉಪನೋಂದಣಿ ಕಚೇರಿಯಿಂದ ತಂದ ಋಣಭಾರ ಪತ್ರವೂ ಸ್ವಚ್ಛ. ಇನ್ನೇನು ಬೇಕು, ನೀವೇ ಹೇಳಿ? ಆದರೆ ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ತಂದೆ ತೀರಿದಾಗ ಮಗಳಿಗೆ ತಾನಾಗಿ ಬರುವ ಪಾಲು ಅದರಲ್ಲಿ ಎಲ್ಲಿ ಕಾಣಬೇಕು? ಉತಾರದಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವವೂ ಬರುವುದಿಲ್ಲವಂತೆ. ಇದೆಲ್ಲ ಗೊತ್ತಾಗಿದ್ದು ಆಮೇಲೆ, ವಕೀಲರ ಮನೆಯ ಕಟ್ಟೆ ಹತ್ತಿದಾಗ.

ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿ, ಉಯಿಲು ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮಗಳಿಗೂ ಮಗನಷ್ಟೇ ಪಾಲು. ಆದರೆ ಕುಟುಂಬ ವಾಸವಿದ್ದ ಮನೆಯನ್ನು, ಗಂಡುಮಕ್ಕಳು ಮನಸ್ಸು ಮಾಡುವ ತನಕ ‘ಪಾಲು ಮಾಡಿ’ ಎಂದು ಅವಳು ಕೇಳುವಂತಿರಲಿಲ್ಲ. ಆ ಕಟ್ಟು 2005ರಲ್ಲಿ ಕಳಚಿತು. ಅವಳ ಸಹಿಯಿಲ್ಲದ ಖರೀದಿಪತ್ರ ಅವಳ ಪಾಲನ್ನು ಮುಟ್ಟಲಾರದು. ತವರಿನಲ್ಲಿ ಏನೂ ಕೇಳದೆ ಕಾಗದಕ್ಕೆ ಸಹಿ ಹಾಕಿ ಬಂದವಳು ನಾನು. ಆ ಮಾತು ಕೇಳುವಾಗ ತಲೆ ತಗ್ಗಿಸಿಯೇ ಕುಳಿತಿದ್ದೆ.

ಮಾರಿದವರು ಪಾರಾದರೆ? ಇಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ ದೋಷ ತನಗೆ ಗೊತ್ತಿದ್ದರೆ ಮಾರುವವನು ಬಾಯಿಬಿಟ್ಟು ಹೇಳಲೇಬೇಕು. ಮುಚ್ಚಿಟ್ಟರೆ ಅದು ವಂಚನೆ. ವಂಚನೆ ತಿಳಿದ 3 ವರ್ಷದೊಳಗೆ ದಾವೆ ಹೂಡಿ ಖರೀದಿ ರದ್ದು ಮಾಡಿಸಿ ಹಣ ಮರಳಿ ಕೇಳಬಹುದು. ಬೇಕೆಂದೇ ಮೋಸಮಾಡಿದ್ದರೆ ಪೊಲೀಸ್ ದೂರೂ ಉಂಟು. ಮೊದಲು ನಾನೂರಾ ಇಪ್ಪತ್ತು ಎನ್ನುತ್ತಿದ್ದೆವಲ್ಲ, 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 318.

ಆ ‘ಸಾಮಾನ್ಯ ಎಚ್ಚರ’ ಮಾತ್ರ ನಮಗೇ ಚುಚ್ಚಿತು. ವಂಶಾವಳಿ ತನ್ನಿ ಎಂದು ಕೇಳಿರಲಿಲ್ಲ. ಅದೂ ಬೇಡ, ಓಣಿಯ ಯಾವ ಅಜ್ಜಿಯನ್ನು ಕೇಳಿದ್ದರೂ ‘ಒಬ್ಬಾಕಿ ಮಗಳದಾಳ, ಹಿರೇಕೆರೂರ್ಗೆ ಕೊಟ್ಟಾರ’ ಎನ್ನುತ್ತಿದ್ದಳು.

ಕೋರ್ಟಿನ ಮಾತೆತ್ತಿದ ಮೇಲೆ ಅಣ್ಣತಮ್ಮಂದಿರು ಅವಳ ಪಾಲಿನ ಹಣ ಕೊಟ್ಟರು. ಅವಳು ತನ್ನ ಪಾಲನ್ನು ನಮಗೆ ಖರೀದಿ ಬರೆದುಕೊಟ್ಟಳು. ಹಾನಗಲ್ಲಿನಿಂದ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲೇ ಕುಳಿತಿದ್ದಳು. ಬಹಳ ಹೊತ್ತಿನ ಮೇಲೆ, ‘ಹಿತ್ತಲದಾಗ ಕರಿಬೇವಿನ ಗಿಡ ಇನ್ನೂ ಐತೇನ್ರಿ?’ ಎಂದಳು.

ಇದೆ ಎಂದೆ.