ಬ್ರೇಕ್ ತುಳಿದರೆ ಡ್ಯಾಶ್‌ಬೋರ್ಡ್ ಬೆಳಗುವ ಮನೆ

ಬ್ರೇಕ್ ತುಳಿದೊಡನೆ ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ ಹೊತ್ತಿಕೊಳ್ಳುವ ಗಾಡಿಯನ್ನು ಕಂಡಿದ್ದೀರಾ? ಹೆಡ್‌ಲೈಟ್ ಸ್ವಿಚ್ ಆಫ್ ಇರುತ್ತದೆ, ಆದರೂ ಮೀಟರುಗಳ ಹಿಂದೆ ಬೆಳಕು! ನನ್ನ ಹತ್ತಿರ ಅಂಥದ್ದೊಂದಿದೆ: 1976ರ ಜಿಎಂಸಿ ಮೋಟರ್‌ಹೋಮ್. ಇಲ್ಲೇ ಮಿಷಿಗನ್ನಿನ ಪಾಂಟಿಯಾಕ್‌ನಲ್ಲಿ 1973ರಿಂದ 1978ರವರೆಗೆ ಮಾತ್ರ ತಯಾರಾದ ಬಂಡಿ. ಉದ್ದ 26 ಅಡಿ. ಒಲೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ. ಎಂಜಿನ್ನು ತಿರುಗಿಸುವುದು ಮುಂದಿನ ಚಕ್ರಗಳನ್ನಾದ್ದರಿಂದ ನೆಲದಡಿ ಉದ್ದನೆಯ ಶಾಫ್ಟಿಲ್ಲ, ಒಳಗೆ ಹತ್ತಲು ಒಂದೇ ಹೆಜ್ಜೆ ಸಾಕು. "ನಿಮಗೆ ಪ್ರವಾಸ ಬೇಕಿಲ್ಲ ರೀ, ಇದು ಕೆಟ್ಟು ನಿಂತರೆ ಸಾಕು" ಅನ್ನುತ್ತಾಳೆ ಹೆಂಡತಿ. ಪೂರ್ತಿ ಸುಳ್ಳೇನಲ್ಲ.

ಆ ದೀಪದ ಗುಟ್ಟು ಗಾಡಿಯ ಹಿಂಭಾಗದಲ್ಲಿದೆ. ಹಿಂದಿನ ಬಲ್ಬಿನೊಳಗೆ ಎರಡು ಫಿಲಮೆಂಟು, ಬ್ರೇಕಿಗೊಂದು, ರಾತ್ರಿಯ ದೀಪಕ್ಕೊಂದು. ಎರಡಕ್ಕೂ ಅರ್ತ್ ಮಾತ್ರ ಒಂದೇ. ಅದು ಕಡಿದರೆ ಬ್ರೇಕಿನ ಕರೆಂಟು ಪಕ್ಕದ ಫಿಲಮೆಂಟಿಗೆ ನುಗ್ಗಿ, ರಾತ್ರಿದೀಪದ ವೈರಿನಲ್ಲಿ ಹಿಂದುಮುಂದಾಗಿ ಓಡಿ, ಡ್ಯಾಶ್‌ಬೋರ್ಡಿನ ಬಲ್ಬುಗಳನ್ನು ಹಾದು ಅರ್ತ್ ಸೇರಿಕೊಳ್ಳುತ್ತದೆ. ಉಕ್ಕಿನ ಕಾರಿನಲ್ಲಿ ಬಾಡಿಯೇ ಅರ್ತ್. ಈ ಗಾಡಿಯ ಹಿಂಬದಿ ಫೈಬರ್‌ಗ್ಲಾಸ್. ದೀಪಗಳಿಗೆ ಅರ್ತಿನ ವೈರನ್ನೇ ಎಳೆಯಬೇಕು, ಅದರ ತುದಿಯನ್ನು ಚಾಸಿಗೆ ಸ್ಕ್ರೂ ಹಾಕಿ ಬಿಗಿಯಬೇಕು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಮೊದಲು ತಿನ್ನುವುದು ಆ ಸ್ಕ್ರೂವನ್ನೇ. ತಯಾರಿಸಿದವರನ್ನು ಬೈದು ಫಲವಿಲ್ಲ, ಗಾಡಿಗೆ ವಯಸ್ಸಾಗಿದೆ ಅಷ್ಟೆ.

ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ನೋಡಿದರೆ ಆ ಅರ್ತಿನ ವೈರು ಸರಿಯಿದೆ ಅಂತಲೇ ತೋರಿಸುತ್ತದೆ. ಒಳಗಿನ ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಮೀಟರಿಗೆ ಸಾಕು, ಬಲ್ಬಿಗೆ ಸಾಲದು. ಹಾಗಾಗಿ ದೀಪ ಹೊತ್ತಿಸಿಟ್ಟೇ ವೋಲ್ಟ್ ಅಳೆಯಬೇಕು. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಹೋಲ್ಡರಿನ ಮೈಗೆ. ಸೊನ್ನೆಯ ಆಸುಪಾಸು ಇರಬೇಕಾದಲ್ಲಿ 4 ವೋಲ್ಟ್ ಕಂಡಾಗ ಆಗುವ ಖುಷಿಯನ್ನು ಯಾರಿಗೆ ಹೇಳುವುದು? ಮಲಗಿಕೊಂಡೇ ತೆವಳುತ್ತ ಕಡ್ಡಿಯನ್ನು ಜಾಯಿಂಟಿನಿಂದ ಜಾಯಿಂಟಿಗೆ ಸರಿಸುತ್ತೇನೆ. ಇಲ್ಲಿ 4, ಅಲ್ಲಿಯೂ 4, ಅದರಾಚೆ 0.1. ಕಳ್ಳ ಈ ಎರಡರ ನಡುವೆ! ಆಮೇಲಿನ ಸ್ಯಾಂಡ್ ಪೇಪರ್, ಗ್ರೀಸು, ಸ್ಪ್ಯಾನರ್‌ಗಳದ್ದು ಬರೀ ಕೂಲಿ ಕೆಲಸ.

ಎಂಜಿನ್ನಿನದು ಇದಕ್ಕಿಂತ ತುಂಟ ಬುದ್ಧಿ. ಕಡುಬೇಸಿಗೆಯ ಏರಿನಲ್ಲಿ 7.5 ಲೀಟರಿನ ಈ ವಿ8 ಮುಗ್ಗರಿಸಿ ನಿಲ್ಲುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಏನೂ ಆಗದವರಂತೆ ಸ್ಟಾರ್ಟ್ ಆಗುತ್ತಿತ್ತು. ಸಂದೇಹ ಇಬ್ಬರ ಮೇಲೆ. ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿರಬಹುದು, ಇಲ್ಲವೇ ಕಿಡಿ ಕೊಡುವ ಇಗ್ನಿಷನ್ ಮಾಡ್ಯೂಲ್ ಬಿಸಿಗೆ ಕೈಕೊಟ್ಟಿರಬಹುದು. ತಣ್ಣಗಾದರೆ ಇಬ್ಬರೂ ಸಾಚಾ. ಆದ್ದರಿಂದ ತನಿಖೆಯೆಲ್ಲ ಆ ಅರ್ಧ ಗಂಟೆಯಲ್ಲೇ, ರಸ್ತೆಯ ಅಂಚಿನಲ್ಲೇ ಮುಗಿಯಬೇಕು. ಏರ್ ಕ್ಲೀನರಿನ ಮುಚ್ಚಳ ತೆಗೆದು ಕೈಯಲ್ಲಿ ಥ್ರಾಟಲ್ ಎಳೆದು ನೋಡುತ್ತೇನೆ. ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಚಿಮ್ಮಿದರೆ ಹುಡುಕಾಟ ಕಿಡಿಯ ಕಡೆಗೆ. ಬತ್ತಿದ್ದರೆ ಆವಿಯದೇ ಕೆಲಸ.

ಬತ್ತಿತ್ತು. ಪೆಟ್ರೋಲ್ ಪಂಪು ಎಂಜಿನ್ನಿನ ಪಕ್ಕದಲ್ಲಿದ್ದು, ದೂರದ ಟ್ಯಾಂಕಿನಿಂದ ಹೀರುತ್ತದೆ. ಹೀರಿದಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಲ್ಲಿ ಪೆಟ್ರೋಲ್ ಕಡಿಮೆ ಶಾಖಕ್ಕೇ ಕುದಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಇದಕ್ಕೆ ಇನ್ನಷ್ಟು ಕುಮ್ಮಕ್ಕು. ಟ್ಯಾಂಕಿನ ಬಳಿ ಒಂದು ಎಲೆಕ್ಟ್ರಿಕ್ ಪಂಪು ಕೂಡಿಸಿದೆ. ಈಗ ಪೆಟ್ರೋಲನ್ನು ಹಿಂದಿನಿಂದ ತಳ್ಳಿ ಕಳಿಸುತ್ತಿದೆ, ಏರುಗಳೂ ಸಲೀಸು.

ಸದ್ಯ ತಲೆ ತಿನ್ನುತ್ತಿರುವುದು ಫ್ರಿಜ್ಜು. ಗ್ಯಾಸಿನಲ್ಲಿ ಹಾಲು ಕೆಡದಂತೆ ಇಡುತ್ತದೆ, ಕರೆಂಟು ಕೊಟ್ಟರೆ ಸುಮ್ಮನೆ ನಿಲ್ಲುತ್ತದೆ. ಅಂದರೆ ತಣಿಸುವ ಕೊಳವೆಗಳು ಸರಿಯಿವೆ. ಗ್ಯಾಸಿನ ಉರಿಯ ಬದಲು ಅವನ್ನು ಕರೆಂಟಿನಲ್ಲಿ ಕಾಯಿಸುವ ಹೀಟರ್ ಎಲಿಮೆಂಟು ಸುಟ್ಟಿರಬೇಕು, ಇಲ್ಲವೇ ಅದಕ್ಕೆ ಹೋಗುವ ವೈರು. ಹಿಂದಿನ ಮಾಲೀಕರು ಯಾರೋ ಅಲ್ಲಿ ಎರಡು ಬಣ್ಣದ ವೈರುಗಳನ್ನು ತಿರುಚಿ ಬರೀ ಟೇಪು ಸುತ್ತಿದ್ದಾರೆ. ಶನಿವಾರ ಅಲ್ಲಿಂದಲೇ ಶುರು.