ಸೀಟಿ ಯಾರ ಕೊರಳಿಗೆ?

ನಾವು ಮೂವರು ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಹಿಂದಿನ ಒಂದು ಬೀದಿಯಲ್ಲಿ ಬಾಡಿಗೆಗಿದ್ದೇವೆ. ಒಬ್ಬಳು ಕುಂದಾಪುರದ ಕಡೆಯವಳು, ಒಬ್ಬಳು ಶಿರಾದವಳು, ಇನ್ನೊಬ್ಬಳು ಹಾವೇರಿಯವಳು. ಗ್ರಾಮೀಣ ಪತ್ರಿಕೋದ್ಯಮ ಓದಿ ಬೆಂಗಳೂರಿಗೆ ಬಂದು ಇಂದಿರಾನಗರದ ಕಟ್ಟಡಗಳಲ್ಲಿ ಕೂತು ಬೇರೆಯವರ ಸುದ್ದಿಗೆ ಹೆಡ್ಡಿಂಗ್ ಕೊಡುವ ಕೆಲಸ ಮಾಡುತ್ತಿದ್ದೇವೆ. ಈ ಸಲ ನಮ್ಮದೇ ಒಂದು ತಪ್ಪಿನ ಕತೆ ಹೇಳಬೇಕು.

ಮಿಸ್ ನಮಗೆ ಸಿಕ್ಕಿದ್ದು ಒಂದು ಲೇಖನದಿಂದ. ಕಂಟೋನ್ಮೆಂಟ್ ರೈಲ್ವೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅವರು ಬಾಸ್ಕೆಟ್‌ಬಾಲ್ ಕೋಚ್. ಭಾನುವಾರ ಬೆಳಿಗ್ಗೆ ಮರ್ಫಿಟೌನ್, ಗೌತಮಪುರ, ಶಿವಾಜಿನಗರದ ಹುಡುಗಿಯರಿಗೆ ಪುಕ್ಕಟೆಯಾಗಿ ಆಟ ಕಲಿಸುತ್ತಾರೆ ಎಂದು ಯಾರೋ ಹೇಳಿದರು. ಗೌತಮಪುರ ಅಂದರೆ ಫುಟ್‌ಬಾಲ್, ಅಲ್ಲಿನ ಬೀದಿಯಲ್ಲಿ ಪೀಲೆಯ ಪ್ರತಿಮೆಯೇ ಇದೆ. ಅಂಥ ಕಡೆಯ ಹುಡುಗಿಯರು ಬಾಸ್ಕೆಟ್‌ಬಾಲ್ ಆಡುತ್ತಾರೆ ಅಂದರೆ ಒಂದು ಪುರವಣಿ ಲೇಖನಕ್ಕೆ ಸಾಕು ಅಂದುಕೊಂಡು ಹೋದೆವು. ನಮ್ಮ ಲೇಖನ ಕತ್ತರಿ ಪ್ರಯೋಗವಾಗಿ ಅಂಗೈಯಗಲದ್ದಾಗಿ ಬಂತು. ಅದನ್ನು ತೋರಿಸಲು ಹೋದಾಗ ಮಿಸ್ ಪೂರ್ತಿ ಓದಲೂ ಇಲ್ಲ. "ಬರೆದಾಯ್ತಲ್ಲ, ಇನ್ನು ಶೂ ಹಾಕ್ಕೊಂಡು ಬನ್ರಮ್ಮಾ" ಅಂದರು. ಊರಲ್ಲಿ ಥ್ರೋಬಾಲ್, ಕಬಡ್ಡಿ ಬಿಟ್ಟು ಬೇರೆ ಗೊತ್ತಿಲ್ಲದ ನಾವು ಅವತ್ತಿನಿಂದ ಭಾನುವಾರ ತಪ್ಪಿಸಿಲ್ಲ.

ಆ ಕಡೆ ಟೀಚರನ್ನು ಮಿಸ್ ಅನ್ನುವುದು ರೂಢಿ. ಹೆಸರು ಹೇಳುವ ಪದ್ಧತಿ ಇಲ್ಲ. ಮೂವತ್ತೊಂದು ವರ್ಷದ ಕೋಚಿಂಗ್‌ನಲ್ಲಿ ಎಷ್ಟು ಕಪ್ ಗೆದ್ದಿದ್ದಾರೋ ಅವರಿಗೇ ಲೆಕ್ಕವಿಲ್ಲ. ಆದರೆ ಯಾವ ಹುಡುಗಿ ಯಾವ ಬಸ್ಸಿಗೆ ಹೋಗಬೇಕು ಅನ್ನುವುದು ಬಾಯಿಪಾಠ. ಕೆ.ಆರ್. ಪುರದ ತನಕ ಮೆಟ್ರೊ ಕೂಡಿಕೊಂಡಿದ್ದು 2023ರ ಅಕ್ಟೋಬರಿನಲ್ಲಿ. ಅದಕ್ಕೂ ಮೊದಲು ಟಿನ್ ಫ್ಯಾಕ್ಟರಿ ಜಾಮಿನಲ್ಲಿ ಹುಡುಗಿಯರು ಸಿಕ್ಕಿಹಾಕಿಕೊಳ್ಳಬಾರದು ಎಂದು ಆ ಕಡೆಯವರನ್ನು ಅರ್ಧ ಗಂಟೆ ಮೊದಲೇ ಬಿಡುತ್ತಿದ್ದರಂತೆ. 2017ರಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ ಹುಡುಗಿಯರನ್ನೆಲ್ಲ ಕರೆದುಕೊಂಡು ಹೋಗಿದ್ದರು. ಬಿ ಡಿವಿಷನ್ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿದ್ದನ್ನು ಆ ಹುಡುಗಿಯರು ಈಗಲೂ ಮೈಮೇಲೆ ಬಂದವರ ಹಾಗೆ ಹೇಳುತ್ತಾರೆ.

ಅವರದೊಂದು ಕಟ್ಟುನಿಟ್ಟಿನ ನಿಯಮವೂ ಇತ್ತು. ಪ್ರಾಕ್ಟೀಸ್ ಮುಗಿದ ಮೇಲೆ ಒಬ್ಬೊಬ್ಬರೂ ಹತ್ತು ಫ್ರೀ ಥ್ರೋ ಹಾಕಬೇಕು. ಏಳಕ್ಕಿಂತ ಕಡಿಮೆ ಬಿದ್ದರೆ ಇಡೀ ತಂಡ ಓಡಬೇಕು. ನಮ್ಮಿಂದಾಗಿ ಪಾಪದ ಹುಡುಗಿಯರು ಎಷ್ಟು ಓಡಿದ್ದಾರೋ!

ಹೋದ ವರ್ಷ ಜೂನಿಗೆ ಮಿಸ್‌ಗೆ 60 ತುಂಬಿತು. ಮುಂದೆ ಯಾರು ಅನ್ನುವ ಮಾತು ಜನವರಿಯಿಂದಲೇ ಶುರುವಾಗಿತ್ತು. ಕಾಲೇಜಿನವರು ಹಳೆಯ ಆಟಗಾರ್ತಿಯರನ್ನೂ ಸೇರಿಸಿ ಒಂದು ಸಮಿತಿ ಮಾಡಿದರು. ಕೊನೆಗೆ ಉಳಿದದ್ದು ಇಬ್ಬರು. ಒಬ್ಬರು ಹೊರಗಿನವರು. ಪಟಿಯಾಲದ ಎನ್‌ಐಎಸ್‌ನಲ್ಲಿ ಡಿಪ್ಲೊಮಾ ಮಾಡಿದವರು, ಲ್ಯಾಪ್‌ಟಾಪಿನಲ್ಲಿ ಮ್ಯಾಚಿನ ವಿಡಿಯೊ ಹಾಕಿಕೊಂಡು ಯಾರು ಎಲ್ಲಿ ನಿಲ್ಲಬೇಕಿತ್ತು ಎಂದು ವಿವರಿಸುವವರು. ಇನ್ನೊಬ್ಬರು ನಾವೆಲ್ಲ ಅಕ್ಕ ಅನ್ನುವ ಮರ್ಫಿಟೌನಿನವರು. ಮಿಸ್ ಕೈಯಲ್ಲೇ ಆಡಿ, ಮಿಸ್ ಜೊತೆಗೇ 14 ವರ್ಷ ಅಸಿಸ್ಟೆಂಟ್ ಆಗಿ ಉಳಿದವರು. ಓದಿದ್ದು ಪಿಯುಸಿ. ಆಮೇಲೆ ಮಾಡಿದ್ದು ಆರು ವಾರದ ಒಂದು ಸರ್ಟಿಫಿಕೇಟ್ ಕೋರ್ಸು.

ಮಿಸ್ ಒಂದು ದಿನ ನಮ್ಮನ್ನು ಕರೆದು, "ನೀವು ಪೇಪರಿನವರು. ಇಬ್ಬರನ್ನೂ ಮಾತಾಡ್ಸಿ ಒಂದೊಂದು ಅರ್ಧ ಪುಟ ಬರೆದುಕೊಡಿ. ಸಮಿತಿಯವರು ಓದ್ತಾರೆ" ಅಂದರು. ನಮಗೆ ಹೆಮ್ಮೆಯೋ ಹೆಮ್ಮೆ. ಇಬ್ಬರನ್ನೂ ಮಾತಾಡಿಸಿದೆವು. ಹೊರಗಿನವರು ಇಂದಿರಾನಗರದ ಒಂದು ಕಾಫಿ ಅಂಗಡಿಯಲ್ಲಿ ಒಂದು ಗಂಟೆ ನಿರರ್ಗಳವಾಗಿ ಮಾತಾಡಿದರು. ಅಕ್ಕನನ್ನು ಕೋರ್ಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಮಾತಾಡಿಸಿದೆವು. ಕೇಳಿದ್ದಕ್ಕೆಲ್ಲ ಒಂದೊಂದೇ ಮಾತು. "ಮಿಸ್ ಹೇಗೆ ಮಾಡಿದ್ರೋ ಹಾಗೇ" ಅನ್ನುವುದು ಬಿಟ್ಟರೆ ಬೇರೆ ಉತ್ತರವೇ ಬರಲಿಲ್ಲ. ನಾವು ಬರೆದೆವು: ಅನುಭವವಿದೆ, ನಿಷ್ಠೆಯಿದೆ, ಆದರೆ ಸ್ವಂತವಾಗಿ ತಂಡ ನಡೆಸುವ ಗಟ್ಟಿತನ ಕಾಣಲಿಲ್ಲ.

ಆ ಸಾಲು ಓದಿ ಸಮಿತಿಯಲ್ಲಿ ಅಕ್ಕನ ಪರವಾಗಿದ್ದ ಇಬ್ಬರೂ ಸುಮ್ಮನಾದರಂತೆ.

ನಮ್ಮಲ್ಲಿ ಒಬ್ಬಳು ಸ್ಪೋರ್ಟ್ಸ್ ಡೆಸ್ಕಿನಲ್ಲಿದ್ದಾಳೆ. ದೊಡ್ಡ ಕೋಚು ಹೋದ ಮೇಲೆ ಬೇರೆ ಕಡೆ ಏನಾಯಿತು ನೋಡೋಣ ಎಂದು ಅವಳು ಹುಡುಕುತ್ತಾ ಹೋದಳು. ಸಿಕ್ಕಿದ್ದು ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಪ್ಯಾಟ್ ಸಮಿಟ್ ಕತೆ. ಆ ರಾತ್ರಿ ಮೂವರೂ ಮಲಗಲಿಲ್ಲ.

ಪ್ಯಾಟ್ ಹುಟ್ಟಿದ್ದು 1952ರಲ್ಲಿ, ತಂಬಾಕು ಬೆಳೆಯುವ, ಹಸು ಕಟ್ಟಿದ ರೈತರ ಮನೆಯಲ್ಲಿ. ಆಟ ಕಲಿತದ್ದು ಹುಲ್ಲು ಒಟ್ಟುವ ಅಟ್ಟದ ಮೇಲೆ, ಅಣ್ಣಂದಿರ ಜೊತೆ. ಊರಿನ ಶಾಲೆಯಲ್ಲಿ ಹುಡುಗಿಯರ ತಂಡ ಇರಲಿಲ್ಲವೆಂದು ಅವರಪ್ಪ ತಂಡವಿರುವ ಪಕ್ಕದ ಊರಿಗೆ ಸಂಸಾರವನ್ನೇ ಎಬ್ಬಿಸಿಕೊಂಡು ಹೋದರು. (ಇದನ್ನು ಓದಿ ಶಿರಾದವಳು, "ನಮ್ಮಪ್ಪ ಹೈಸ್ಕೂಲಿಗೇ ಕಳಿಸಲು ಎರಡು ಸಲ ಯೋಚನೆ ಮಾಡಿದ್ರು" ಅಂದಳು.) 1974ರಲ್ಲಿ, 22ನೇ ವಯಸ್ಸಿಗೆ, ಪ್ಯಾಟ್ ಟೆನೆಸಿಯ ಮುಖ್ಯ ಕೋಚ್ ಆದರು. ತಿಂಗಳಿಗೆ 250 ಡಾಲರ್ ಸಂಬಳ. ತಂಡದ ವ್ಯಾನ್ ಓಡಿಸುವುದೂ ಅವರೇ, ಆಟಗಾರ್ತಿಯರ ಬಟ್ಟೆ ಒಗೆಯುವುದೂ ಅವರೇ. ಮುಂದಿನ 38 ವರ್ಷಗಳಲ್ಲಿ 1098 ಗೆಲುವು, ಎಂಟು ರಾಷ್ಟ್ರೀಯ ಪ್ರಶಸ್ತಿ. 2011ರಲ್ಲಿ ಅವರಿಗೆ ಮರೆವಿನ ಕಾಯಿಲೆ, ಆಲ್ಝೈಮರ್ಸ್, ಎಂದು ಗೊತ್ತಾಯಿತು. ಅದನ್ನು ಮುಚ್ಚಿಡದೆ ಎಲ್ಲರಿಗೂ ಹೇಳಿ ಇನ್ನೊಂದು ಸೀಸನ್ ಕೋರ್ಟಿನಲ್ಲಿ ನಿಂತರು. 2012ರ ಏಪ್ರಿಲ್‌ನಲ್ಲಿ ಬಿಟ್ಟುಕೊಟ್ಟರು. 2016ರಲ್ಲಿ, 64ನೇ ವಯಸ್ಸಿಗೆ ತೀರಿಕೊಂಡರು.

ಅವರ ಜಾಗಕ್ಕೆ ಬಂದವರು ಹಾಲಿ ವಾರ್ಲಿಕ್. ಪ್ಯಾಟ್ ಕೈಯಲ್ಲಿ ಆಡಿದವರು, 27 ವರ್ಷ ಅವರ ಪಕ್ಕದಲ್ಲೇ ಅಸಿಸ್ಟೆಂಟ್ ಆಗಿದ್ದವರು. ಕೊನೆಯ ಸೀಸನ್ನಿನ ಕೆಲಸದ ಬಹುಪಾಲು ಹೊತ್ತವರೂ ಅವರೇ. ಏಳು ವರ್ಷದಲ್ಲಿ 172 ಮ್ಯಾಚ್ ಗೆದ್ದು 67 ಸೋತರು. ಮೂರು ಸಲ ದೇಶದ ಕೊನೆಯ ಎಂಟು ತಂಡಗಳ ಹಂತಕ್ಕೆ ಹೋದರು. ಬೇರೆ ಕಡೆಯಾಗಿದ್ದರೆ ಹಾರ ಹಾಕುತ್ತಿದ್ದರೇನೋ. ಟೆನೆಸಿಯಲ್ಲಿ 2019ರಲ್ಲಿ ಕೆಲಸದಿಂದ ತೆಗೆದರು. ಆಮೇಲೆ ಬಂದ ಕೆಲ್ಲಿ ಹಾರ್ಪರ್ ಕೂಡ ಪ್ಯಾಟ್ ಶಿಷ್ಯೆಯೇ. ಆಟಗಾರ್ತಿಯಾಗಿ 1996, 97, 98ರಲ್ಲಿ ಸಾಲಾಗಿ ಮೂರು ಪ್ರಶಸ್ತಿ ಗೆದ್ದವರು. ಅವರನ್ನೂ 2024ರ ಏಪ್ರಿಲ್‌ನಲ್ಲಿ ಕಳಿಸಿದರು. ಆ ಮೇಲೆಯೇ ಪ್ಯಾಟ್ ಬಳಗಕ್ಕೆ ಸೇರದ ಕಿಮ್ ಕಾಲ್ಡ್‌ವೆಲ್ ಎಂಬವರನ್ನು ತಂದದ್ದು.

"ನೋಡಿದ್ರಾ, ಅಸಿಸ್ಟೆಂಟ್ ಬೇಡ ಅಂತ ನಾವು ಬರೆದದ್ದೇ ಸರಿ" ಅಂದಳು ಸ್ಪೋರ್ಟ್ಸ್ ಡೆಸ್ಕಿನವಳು. ಆದರೆ ಅದೇ 2024ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ತಾರಾ ವ್ಯಾನ್‌ಡರ್ವೀರ್ 1216 ಗೆಲುವುಗಳ ಜೊತೆ ನಿವೃತ್ತರಾದಾಗ, ಅಲ್ಲಿನವರು ಆರಿಸಿದ್ದೂ ಅವರ ಶಿಷ್ಯೆಯೂ ಅಸಿಸ್ಟೆಂಟೂ ಆಗಿದ್ದ ಕೇಟ್ ಪೇಯ್ ಅವರನ್ನು. ಹೊರಗಿನವರನ್ನು ತಂದರೆ ಎಲ್ಲ ಸರಿಹೋಗುತ್ತದೆ ಅನ್ನೋಣ ಎಂದರೆ, ಗಂಡಸರ ಆಟದಲ್ಲಿ ಯುಸಿಎಲ್‌ಎಯ ಜಾನ್ ವುಡನ್ 12 ವರ್ಷದಲ್ಲಿ 10 ಪ್ರಶಸ್ತಿ ಗೆದ್ದು 1975ರಲ್ಲಿ ಬಿಟ್ಟಾಗ ಬಂದ ಜೀನ್ ಬಾರ್ಟೊ ಹೊರಗಿನವರೇ. ಎರಡು ವರ್ಷದಲ್ಲಿ 52 ಗೆದ್ದು ಬರೀ ಒಂಬತ್ತು ಸೋತರು. ಆದರೂ ಸಾಕಪ್ಪಾ ಎಂದು ಹೊರಟುಹೋದರು.

ಆಗ ಕುಂದಾಪುರದವಳು ಹೇಳಿದಳು: "ನಮ್ಮ ಕಡೆ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡ್ರಲ್ಲ, ಆಮೇಲೆ ನಾವಡರ ಹಾಗೇ ಹಾಡ್ತಾರೆ ಅನ್ನಿಸಿಕೊಂಡ ಭಾಗವತರು ಎಷ್ಟೋ ಮಂದಿ. ಹಾಗೆ ಅನ್ನಿಸಿಕೊಂಡಷ್ಟು ದಿನ ಅವರ ಸ್ವಂತ ಸ್ವರ ಯಾರಿಗೂ ಕೇಳಿಸಲಿಲ್ಲ."

ಸ್ವರ ಕೇಳಿಸಲಿಲ್ಲ ಅಂದಾಗಲೇ ನಮಗೆ ಕಲ್ಲುಬೆಂಚು ನೆನಪಾದದ್ದು. ಅವತ್ತು ಅಕ್ಕನನ್ನು ನಾವು ಮಾತಾಡಿಸುವಾಗ ಬೆಂಚಿನ ಇನ್ನೊಂದು ತುದಿಯಲ್ಲಿ ಮಿಸ್ ಕೂತಿದ್ದರು! ಪ್ರತಿ ಪ್ರಶ್ನೆಗೂ ಅಕ್ಕ ಮೊದಲು ಮಿಸ್ ಮುಖ ನೋಡಿ ಆಮೇಲೆ ಬಾಯಿ ತೆರೆಯುತ್ತಿದ್ದರು.

ಕೂಲಿಯವರನ್ನು ಮಾತಾಡಿಸುವಾಗ ಜಗಲಿಯ ಮೇಲೆ ಧಣಿ ಕೂತಿರಬಾರದು. ಸೊಸೆಯನ್ನು ಮಾತಾಡಿಸುವಾಗ ಅತ್ತೆ ಬಾಗಿಲಲ್ಲಿ ನಿಂತಿರಬಾರದು. ಗ್ರಾಮೀಣ ಪತ್ರಿಕೋದ್ಯಮದ ಮೊದಲ ತಿಂಗಳಲ್ಲೇ ನಮಗೆ ಕಲಿಸಿದ ಪಾಠ ಇದು. ಹಳ್ಳಿಗೆ ಹೋದಾಗೆಲ್ಲ ಪಾಲಿಸಿದ್ದೆವು. ಕಂಟೋನ್ಮೆಂಟಿನ ಕಾಲೇಜಿನಲ್ಲಿ ಮರೆತುಬಿಟ್ಟೆವು. ಧಣಿ ಅಂದರೆ ಮೀಸೆ ಇರುವವನು ಅಂತಲೇ ನಾವು ತಿಳಿದಿದ್ದೆವೋ ಏನೋ. ಮಿಸ್ ಕೆಟ್ಟವರಲ್ಲ, ಅಕ್ಕನ ಪಾಲಿಗೆ ತಾಯಿಯ ಹಾಗಿದ್ದವರು. ಆದರೆ ಪ್ರೀತಿಯ ನೆರಳಿನಲ್ಲೂ ಬಾಯಿ ಕಟ್ಟುತ್ತದೆ.

ಮರುದಿನ ಸಂಜೆ ಮರ್ಫಿಟೌನಿಗೆ, ಅಕ್ಕನ ಮನೆಗೇ ಹೋದೆವು. ಬರೆದದ್ದನ್ನು ಒಪ್ಪಿಕೊಂಡೆವು. ಅಕ್ಕ ಬೈಯಲಿಲ್ಲ. ಟೀ ಕೊಟ್ಟು, ತಮಿಳು ಬೆರೆತ ಕನ್ನಡದಲ್ಲಿ ಮಾತು ಶುರು ಮಾಡಿದವರು ರಾತ್ರಿ ಒಂಬತ್ತಾದರೂ ನಿಲ್ಲಿಸಲಿಲ್ಲ. ಇಡೀ ತಂಡವನ್ನು ಓಡಿಸುವ ಶಿಕ್ಷೆ ಅವರಿಗೆ ಇಷ್ಟವೇ ಇಲ್ಲವಂತೆ. "ಒಬ್ಳು ತಪ್ಪಿಸಿದ್ದಕ್ಕೆ ಎಲ್ಲಾರೂ ಓಡಿದ್ರೆ, ಮುಂದಿನ ಸಲ ಆ ಹುಡುಗಿ ರಿಂಗ್ ನೋಡಲ್ಲ, ನಮ್ಮ ಮುಖ ನೋಡ್ತಾಳೆ" ಅಂದರು. ಮಿಸ್ ಹುಡುಗಿಯರಿಗೆ ದೂರದಿಂದ ಮೂರು ಪಾಯಿಂಟಿನ ಶಾಟ್ ಹಾಕಲು ಬಿಡುವುದಿಲ್ಲ, ಆಟ ಬದಲಾಗಿದೆ, ಬಿಡಬೇಕು ಅಂದರು. ಎದುರಾಳಿಗಳನ್ನು ಒಬ್ಬರಿಗೊಬ್ಬರು ಕಾಯುವ ಬದಲು ಜಾಗ ಕಾಯುವ ಜೋನ್ ಯಾವಾಗ ಆಡಬೇಕು ಎಂದು ನೆಲದ ಮೇಲೆ ಬಿಸ್ಕತ್ ಇಟ್ಟು ತೋರಿಸಿದರು. ಇದೆಲ್ಲ 14 ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು. ಯಾಕೆ ಹೇಳಲಿಲ್ಲ ಅಂದರೆ, "ಮಿಸ್ ಗೆಲ್ತಾ ಇದ್ರಲ್ಲ" ಅಂದರು.

ಅರ್ಧ ಪುಟದ ಬದಲು ಎರಡು ಪುಟ ಬರೆದೆವು. ಮೊದಲ ಬರಹ ತಪ್ಪು, ಯಾಕೆ ತಪ್ಪು ಅನ್ನುವುದನ್ನೂ ಬರೆದೆವು. ಮಿಸ್ ಬಗ್ಗೆ ಅಕ್ಕ ಆಡಿದ ಮಾತುಗಳನ್ನು ಬರೆಯಬೇಕೋ ಬೇಡವೋ ಎಂದು ಅವರನ್ನೇ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೀರಿ" ಅಂದರು. ಸಮಿತಿಯವರು ನಮಗೆ ಚೆನ್ನಾಗಿ ಬೈದರು. ಪತ್ರಕರ್ತರು ಹೀಗೆ ದಿನಕ್ಕೊಂದು ಹೇಳಿದರೆ ಹೇಗೆ ಎಂದು ಒಬ್ಬರು ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಅಕ್ಕನನ್ನು ಮತ್ತೆ ಕರೆದು, ಮಿಸ್ ಇಲ್ಲದ ಕೋಣೆಯಲ್ಲಿ ಮಾತಾಡಿಸಿದರು. ಒಂದು ವರ್ಷದ ಮಟ್ಟಿಗೆ ನೋಡೋಣ ಎಂದು ಅವರಿಗೇ ಕೊಟ್ಟರು.

ಅಕ್ಕ ಒಂದು ಷರತ್ತು ಹಾಕಿದರು. ಆ ಒಂದು ವರ್ಷ ಮಿಸ್ ಕೋರ್ಟಿಗೆ ಬರಬಾರದು. ಮ್ಯಾಚಿಗೂ ಬರಬಾರದು, ಭಾನುವಾರವೂ ಬರಬಾರದು.

ಅದನ್ನು ಕೇಳಿದಾಗ ಮಿಸ್ ಮುಖ ನೋಡಲು ನಮ್ಮಿಂದ ಆಗಲಿಲ್ಲ. ಬೀಳ್ಕೊಡುಗೆಯ ದಿನ ಸೀಟಿ ತೆಗೆದು ಅಕ್ಕನ ಕೊರಳಿಗೆ ಹಾಕುತ್ತಾರೆ, ಫೋಟೊ ತೆಗೆಯಬೇಕು ಅಂದುಕೊಂಡಿದ್ದೆವು. ಹಾಕಲಿಲ್ಲ. ಸೀಟಿಯನ್ನು ಬ್ಯಾಗಿಗೆ ಹಾಕಿಕೊಂಡು ಟೀ ಕುಡಿಯದೆ ಹೊರಟರು. ಅಕ್ಕ ಶಿವಾಜಿನಗರಕ್ಕೆ ಹೋಗಿ ಹೊಸದೊಂದು ಸೀಟಿ ಕೊಂಡುಕೊಂಡರು.

ಈ ಸಲ ಅಂತರ ಕಾಲೇಜು ಟೂರ್ನಿಯಲ್ಲಿ ನಮ್ಮ ಹುಡುಗಿಯರು ಸೆಮಿಫೈನಲ್‌ನಲ್ಲಿ ಸೋತರು. ಆ ಹೊರಗಿನವರನ್ನು ತಂದಿದ್ದರೆ ಆಗುತ್ತಿತ್ತು ಅನ್ನುವ ಮಾತು ಶುರುವಾಗಿದೆ. ನಮ್ಮ ಎರಡು ಪುಟದ ಬಗ್ಗೆಯೂ ಆಡಿಕೊಳ್ಳುತ್ತಾರೆ. ಹಾಲಿ ವಾರ್ಲಿಕ್‌ಗೆ ಏಳು ವರ್ಷವಾದರೂ ಸಿಕ್ಕಿತ್ತು, ಅಕ್ಕನಿಗೆ ಎಷ್ಟು ಸಿಗುತ್ತದೋ. ಆದರೆ ಒಂದು ಮಾತು ಹೇಳಬೇಕು. ಆ ಸೆಮಿಫೈನಲ್‌ನಲ್ಲಿ ಕೆ.ಆರ್. ಪುರದ ಒಬ್ಬ ಹುಡುಗಿ ಕೊನೆಯ ನಿಮಿಷದಲ್ಲಿ ದೂರದಿಂದ ಮೂರು ಪಾಯಿಂಟಿನ ಶಾಟ್ ಹಾಕಿದಳು. ಬೀಳಲಿಲ್ಲ. ಆದರೆ ಹಾಕಿದ ಮೇಲೆ ಅವಳು ಬೆಂಚಿನ ಕಡೆ ತಿರುಗಿ ನೋಡಲಿಲ್ಲ. ಡಿಫೆನ್ಸಿಗೆ ಓಡಿದಳು.

ಮಿಸ್ ಈಗ ಬೆಳಿಗ್ಗೆ ಹಲಸೂರು ಕೆರೆಯ ಸುತ್ತ ವಾಕ್ ಮಾಡುತ್ತಾರೆ. ಮಾತು ಕೊಟ್ಟ ಮೇಲೆ ಒಂದು ದಿನವೂ ಆ ಗೇಟಿನ ಹತ್ತಿರ ಸುಳಿದಿಲ್ಲ. ಭಾನುವಾರ ಆಟ ಮುಗಿಸಿ ಬೆವರು ಒರೆಸಿಕೊಳ್ಳುತ್ತಾ ನಾವು ಬರುವ ಹೊತ್ತಿಗೆ ಕೆರೆಯ ಕಟ್ಟೆಯ ಮೇಲೆ ಕೂತಿರುತ್ತಾರೆ. ಮೊದಮೊದಲು ಹವಾಮಾನ, ಮಂಡಿನೋವು ಇಷ್ಟೇ ಮಾತು. ಸೆಮಿಫೈನಲ್ ಸೋತ ಮರುವಾರ ಮಾತ್ರ ಕೇಳಿದರು: "ಫ್ರೀ ಥ್ರೋ ಎಷ್ಟು ತಪ್ಪಿಸಿದ್ರು?"

ಹತ್ತೊಂಬತ್ತರಲ್ಲಿ ಆರು ಅಂದೆವು.

ಮಿಸ್ ಸ್ವಲ್ಪ ಹೊತ್ತು ನೀರು ನೋಡಿದರು. "ಓಡಿಸ್ದೇನೇ ಹದಿಮೂರಾ?" ಅಂದರು.

ಹೂಂ ಮಿಸ್, ಓಡಿಸದೇನೇ ಅಂದೆವು. ಮತ್ತೇನೂ ಕೇಳಲಿಲ್ಲ. ವರ್ಷ ತುಂಬಲು ಇನ್ನೂ ಎರಡು ತಿಂಗಳಿದೆ.